ಮೂಳೆ, ಆಹಾರ, ಸಮಸ್ಥಾನಿ: ಫಲಕಕ್ಕೆ ಪದ ಬೇಕು

ಬಲ್ಲವರಲ್ಲಿ ವಿನಂತಿ. ಮೂಳೆಗಳ ರಾಸಾಯನಿಕ ವಿಶ್ಲೇಷಣೆಯಿಂದ ಹಿಂದಿನವರ ಆಹಾರವನ್ನು ತಿಳಿಯುವ ವಿಧಾನದ ಕುರಿತ ಪ್ರದರ್ಶನ ಫಲಕವೊಂದನ್ನು ಅನುವಾದಿಸುತ್ತಿದ್ದೇನೆ; ನಾಳೆ ಅಚ್ಚಿಗೆ ಹೋಗಬೇಕು. ‘ಅಸ್ಥಿಗಳಿಂದ ಪ್ರಾಚೀನ ಆಹಾರಕ್ರಮದ ಪುನರ್‌ರಚನೆ’ ಎಂಬ ಶೀರ್ಷಿಕೆ ಸರಿಯೇ? ‘ಐಸೊಟೋಪ್’ (ಒಂದೇ ಧಾತುವಿನ, ತೂಕದಲ್ಲಿ ಬೇರೆಯಾದ ಪರಮಾಣು) ಎಂಬುದನ್ನು ಹಾಗೆಯೇ ಬಿಡಲೇ, ‘ಸಮಸ್ಥಾನಿ’ ಎನ್ನಲೇ?

ಉತ್ತರ: ‘ಅಸ್ಥಿ’ಯನ್ನು ಮೊದಲು ತೆಗೆಯಿರಿ. ಕನ್ನಡದ ಕಿವಿಗೆ ಅದು ಚಿತೆಯಿಂದ ಆಯ್ದ ಮೂಳೆ. ಸುಟ್ಟ ಮೂಳೆಯಲ್ಲಿ ಈ ಪರೀಕ್ಷೆಗೆ ಬೇಕಾದ ಕೊಲಾಜನ್ ಎಂಬ ಪ್ರೋಟೀನ್ ನಾಶವಾಗಿರುತ್ತದೆ. ‘ಮೂಳೆ’ ಸಾಕು.

‘ಪುನರ್‌ರಚನೆ’ಯ ಬಗ್ಗೆ ನನ್ನ ಆಕ್ಷೇಪ ಇನ್ನೂ ಬಲವಾದುದು. ಪ್ರಯೋಗಾಲಯದಲ್ಲಿ ಅಳೆಯುವುದು ಐಸೊಟೋಪ್‌ಗಳನ್ನು, ಅಂದರೆ ಕಾರ್ಬನ್-13ಕ್ಕೂ ಕಾರ್ಬನ್-12ಕ್ಕೂ, ನೈಟ್ರೋಜನ್-15ಕ್ಕೂ ನೈಟ್ರೋಜನ್-14ಕ್ಕೂ ಇರುವ ಅನುಪಾತಗಳನ್ನು. ಮೆಕ್ಕೆಜೋಳದಂಥ ಸಸ್ಯಗಳಲ್ಲಿ ಕಾರ್ಬನ್-13ರ ಪಾಲು ಗೋಧಿ, ಭತ್ತಗಳಲ್ಲಿರುವುದಕ್ಕಿಂತ ಹೆಚ್ಚು. ಆಹಾರ ಸರಪಳಿಯಲ್ಲಿ ಒಂದೊಂದು ಹಂತ ಏರಿದಂತೆ ನೈಟ್ರೋಜನ್-15ರ ಅನುಪಾತ ಸಾವಿರಕ್ಕೆ ಸುಮಾರು 3ರಿಂದ 5ರಷ್ಟು ಏರುತ್ತದೆ. ಇದರಿಂದ ಯಾವ ಬಗೆಯ ಬೆಳೆಯನ್ನು ನೆಚ್ಚಿಕೊಂಡಿದ್ದರು, ಮಾಂಸ ಮೀನುಗಳ ಪಾಲು ಹೆಚ್ಚಿತ್ತೇ ಕಡಿಮೆಯಿತ್ತೇ ಎಂದು ತರ್ಕಿಸಬಹುದೇ ಹೊರತು, ಉಂಡ ಊಟವನ್ನು ಮತ್ತೆ ರಚಿಸಲಾಗದು; ಕೊಲಾಜನ್ ಹೇಳುವುದಾದರೂ ಬಹುಮಟ್ಟಿಗೆ ಆಹಾರದ ಪ್ರೋಟೀನ್ ಭಾಗವನ್ನು. ತರ್ಕಶಾಸ್ತ್ರದಲ್ಲಿ ಇದಕ್ಕೆ ‘ಅನುಮಾನ’ ಎಂಬ ಖಚಿತವಾದ ಹೆಸರಿದೆ, ಆದರೆ ಇಂದಿನ ಓದುಗರು ಅದನ್ನು ಸಂಶಯವೆಂದೇ ತಿಳಿಯುತ್ತಾರೆ. ಸಮಾಸ ಕಟ್ಟುವುದನ್ನು ಬಿಟ್ಟು ಕ್ರಿಯಾಪದಕ್ಕೆ ಕೆಲಸ ಕೊಡಿ: ‘ಏನು ತಿನ್ನುತ್ತಿದ್ದರು? ಮೂಳೆಗಳಲ್ಲಿರುವ ಸುಳಿವು’. ವಯಸ್ಕರ ಮೂಳೆಯ ದ್ರವ್ಯ ನಿಧಾನವಾಗಿ ಬದಲಾಗುವುದರಿಂದ ಅದರಲ್ಲಿ ಉಳಿಯುವುದು ಹಲವು ವರ್ಷಗಳ ಸರಾಸರಿ. ‘ತಿಂದರು’ ಎಂಬಲ್ಲಿ ಇಲ್ಲದ ಆ ರೂಢಿಯ ಅರ್ಥ ‘ತಿನ್ನುತ್ತಿದ್ದರು’ ಎಂಬಲ್ಲಿ ತಾನಾಗಿಯೇ ಇದೆ.

ಇನ್ನೊಬ್ಬರು: ಶೀರ್ಷಿಕೆ ಒಪ್ಪಿಗೆ. ‘ಸಮಸ್ಥಾನಿ’ಯನ್ನು ಒಪ್ಪಲಾರೆ. ಗ್ರೀಕಿನ ಎರವಲನ್ನು ಕಳೆದು ಸಂಸ್ಕೃತದ ಎರವಲನ್ನು ತಂದರೆ ಕನ್ನಡಕ್ಕಾದ ಲಾಭವೇನು? ‘ಐಸೊಟೋಪ್’ ಇರಲಿ.

ಮೊದಲು ಉತ್ತರಿಸಿದವರು: ಲಾಭವಿದೆ. 1913ರಲ್ಲಿ ರಸಾಯನವಿಜ್ಞಾನಿ ಫ್ರೆಡರಿಕ್ ಸಾಡಿ ಬಳಕೆಗೆ ತಂದ ಆ ಪದದ ಗ್ರೀಕ್ ಮೂಲಾರ್ಥವೇ ‘ಒಂದೇ ಸ್ಥಾನ’. ಆವರ್ತ ಕೋಷ್ಟಕದ ಒಂದೇ ಮನೆಯಲ್ಲಿದ್ದು ತೂಕದಲ್ಲಿ ಬೇರೆಯಾದ ಪರಮಾಣುಗಳು ಎಂಬುದಕ್ಕೆ ‘ಸಮಸ್ಥಾನಿ’ಯಲ್ಲಿ ಓದುಗರಿಗೊಂದು ಹಿಡಿ ಸಿಗುತ್ತದೆ, ‘ಐಸೊಟೋಪ್’ನಲ್ಲಿ ಸಿಗುವುದಿಲ್ಲ. ‘ಸಮ’, ‘ಸ್ಥಾನ’ಗಳನ್ನು ಎರವಲೆಂದು ಹೊರಗಿಡುವುದಾದರೆ ನಿಮ್ಮ ‘ಲಾಭ’ವನ್ನೂ ಹೊರಗಿಡಬೇಕಾಗುತ್ತದೆ. ಫಲಕದಲ್ಲಿ ‘ಸಮಸ್ಥಾನಿ’ ಎಂದೇ ಬರೆಯಿರಿ. ಕೊಲಾಜನ್ ಅನ್ನು ಮಾತ್ರ ಮುಟ್ಟಬೇಡಿ. ಮೂಳೆಯ ಪ್ರೋಟೀನ್ ಎಂದು ಒಮ್ಮೆ ವಿವರಿಸಿದರೆ ಸಾಕು.