ಗ್ರೀಸಿನ ಸ್ಯಾಂಟೋರಿನಿ ದ್ವೀಪದಲ್ಲಿ ಕ್ರೂಸ್ ಹಡಗು ನಿಂತಾಗ ಕಾರು ಓಡಿಸಿ ಸುತ್ತಬಹುದಾ?

ಪ್ರಶ್ನೆ: ಹಡಗು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತೆ. ನಾಲ್ಕು ಜನ ಇದ್ದೀವಿ. ಬಾಡಿಗೆ ಕಾರಲ್ಲಿ ದ್ವೀಪದ ಉತ್ತರ ತುದಿಯ ಇಯಾ (Oia), ದಕ್ಷಿಣದ ಅಕ್ರೊತಿರಿ ಎರಡೂ ನೋಡೋಕೆ ಆಗುತ್ತಾ?

ಉತ್ತರ 1: ಆಗುತ್ತೆ. ಕಾರನ್ನು ಮುಖ್ಯ ಪಟ್ಟಣ ಫಿರಾದಲ್ಲೇ ಬುಕ್ ಮಾಡಿ, ಅಥಿನಿಯೋಸ್‌ನಲ್ಲಿ ಬೇಡ. ಅದು ಫೆರಿ ಬಂದರು. ಕ್ರೂಸಿನವರನ್ನು ಸಾಮಾನ್ಯವಾಗಿ ಸಣ್ಣ ದೋಣಿಯಲ್ಲಿ ಫಿರಾ ಕೆಳಗಿನ ಹಳೇ ಬಂದರಿಗೆ ಇಳಿಸ್ತಾರೆ. ಅಲ್ಲಿಂದ ಕೇಬಲ್ ಕಾರ್, ಇಲ್ಲಾ ಸುಮಾರು 588 ಮೆಟ್ಟಿಲು: ಸವೆದ ನುಣುಪು ಕಲ್ಲು, ಮೇಲೆ ಕತ್ತೆ ಲದ್ದಿ. ಚಪ್ಪಲಿ ಹಾಕ್ಕೊಂಡು ಹತ್ತಬೇಡಿ. ಮೊದಲು ಇಯಾ ಮುಗಿಸಿ, ತಡವಾದರೆ ಪಾರ್ಕಿಂಗ್ ಸಿಗೋದು ಕಷ್ಟ.

ಉತ್ತರ 2: ಹೊರಡೋ ಮೊದಲು ಆರ್‌ಟಿಓದಲ್ಲಿ ಐಡಿಪಿ (ವಿದೇಶದಲ್ಲಿ ಗಾಡಿ ಓಡಿಸೋ ಪರ್ಮಿಟ್) ಮಾಡಿಸಿ, ಮೂಲ ಡಿಎಲ್ಲೂ ಜೊತೆಗಿರಲಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಗೇರ್ ಬಲಗೈಗೆ ಬರುತ್ತೆ, ಆಟೋಮ್ಯಾಟಿಕ್ ಕೇಳಿ. ಎಡಕ್ಕೆ ತಿರುಗಿದ ಕೂಡಲೇ ಅಭ್ಯಾಸಬಲದಿಂದ ತಪ್ಪು ಲೇನಿಗೆ ನುಗ್ಗೋದು ಸಾಮಾನ್ಯ. ವಿಮೆಯಲ್ಲಿ ಟಯರ್, ಕಾರಿನ ತಳ ಸೇರಿದೆಯಾ ನೋಡಿ.

ಉತ್ತರ 3: ನಿಜವಾದ ತಲೆನೋವು ಸಂಜೆ ಕೆಳಗಿಳಿಯೋ ಕೇಬಲ್ ಕಾರ್ ಸಾಲು. ಕೊನೇ ದೋಣಿಗೆ ಎರಡು ಗಂಟೆ ಮುಂಚೆಯೇ ಕಾರು ಒಪ್ಪಿಸಿ.