ಅಪ್‌ಡೇಟ್: ಏಜೆಂಟ್ ಈಗ ನೋಕ್ವಾ ಅಂಟಿಸುವುದನ್ನು ಬಿಟ್ಟಿದೆ

ಹೋದ ವಾರ ಕೇಳಿದ್ದೆನಲ್ಲ, ನಮ್ಮ ಪೈಥಾನ್ ಪ್ರಾಜೆಕ್ಟ್‌ನಲ್ಲಿ ಕೋಡ್ ಬರೆಯುವ ಎಐ ಏಜೆಂಟ್, ರಫ್ (ಪೈಥಾನ್ ಕೋಡಿನ ತಪ್ಪು ಹುಡುಕುವ ಟೂಲ್) ತೋರಿಸಿದ ತಪ್ಪು ಸರಿಮಾಡದೆ ಸಾಲಿನ ಕೊನೆಗೆ ಸುಮ್ನೆ ನೋಕ್ವಾ ('ಈ ಸಾಲಿನ ತಪ್ಪು ತೋರಿಸಬೇಡ' ಎನ್ನುವ) ಕಾಮೆಂಟ್ ಹಾಕಿ ಜಾರಿಕೊಳ್ಳುತ್ತಿದೆ ಅಂತ. ಒಂದೇ ಫೈಲಿನಲ್ಲಿ ಹನ್ನೊಂದು ಸಿಕ್ಕಿದ್ದವು! ಈಗ ಸರಿಹೋಗಿದೆ.

ಎಲ್ಲ ನಿಯಮಗಳನ್ನೂ ಏಜೆಂಟ್‌ಗೆ ಸೂಚನೆ ಬರೆದಿಡುವ ಏಜೆಂಟ್ಸ್ ಡಾಟ್ ಎಂಡಿ ಫೈಲಿಗೆ ತುಂಬಿ ಅಂದವರ ಮಾತು ಮೊದಲು ಕೇಳಿದೆ. ಫೈಲ್ ಉದ್ದವಾಯಿತು, ಏಜೆಂಟ್ ಬದಲಾಗಲಿಲ್ಲ. ರಫ್‌ನಲ್ಲಿ 800ಕ್ಕೂ ಜಾಸ್ತಿ ನಿಯಮಗಳಿವೆ, ಯಾರು ಓದ್ತಾರೆ ಹೇಳಿ.

ಕೆಲಸ ಮಾಡಿದ್ದು "ನಿಯಮ ಬರೀಬೇಡಿ, ಏನು ಮಾಡಬೇಕು ಅಂತ ಬರೀರಿ" ಎಂಬ ಸಲಹೆ. ಈಗ ಅಲ್ಲಿರುವುದು ಆರೇ ಸಾಲು. ಮೊದಲು 'ರಫ್ ಚೆಕ್' ಓಡಿಸು. ತಪ್ಪಿನ ಕೋಡ್ ಸಂಖ್ಯೆ ಅರ್ಥವಾಗದಿದ್ದರೆ 'ರಫ್ ರೂಲ್ ಎಫ್401' ಅಂತ ಕೇಳು, ವಿವರಣೆ ಅದೇ ಕೊಡುತ್ತದೆ. ನೋಕ್ವಾ ಬೇಕೇ ಬೇಕು ಅನ್ನಿಸಿದರೆ ನಿಲ್ಲಿಸಿ ನನ್ನನ್ನು ಕೇಳು. ಜೊತೆಗೆ ರಫ್‌ನ ಪಿಜಿಎಚ್004 ನಿಯಮ ನಾನೇ ಆನ್ ಮಾಡಿದೆ. ಯಾವ ತಪ್ಪಿನ ಕೋಡ್ ಅಂತ ಹೇಳದ ಬರೀ ನೋಕ್ವಾ ಕಂಡರೆ ಅದು ಹಿಡಿಯುತ್ತದೆ.

ನಿಜವಾದ ಕಳ್ಳ ಬೇರೆಯೇ ಇದ್ದ. ಏಜೆಂಟ್ ಔಟ್‌ಪುಟ್ ಚಿಕ್ಕದಾಗಲಿ ಅಂತ ರಫ್‌ನ ಔಟ್‌ಪುಟ್ ಅನ್ನು ಪೈಪ್ ಹಾಕಿ 'ಟೇಲ್'ಗೆ (ಕೊನೆಯ ಕೆಲವು ಸಾಲು ಮಾತ್ರ ತೋರಿಸುವ ಕಮಾಂಡ್) ಕೊಡುತ್ತಿತ್ತು. ತಪ್ಪು ಸಿಕ್ಕಾಗ ರಫ್ ಎಕ್ಸಿಟ್ ಕೋಡ್ 1 (ಅಂದರೆ ಫೇಲ್) ಕೊಟ್ಟರೂ ಶೆಲ್‌ಗೆ ಕಾಣುವುದು ಕೊನೆಯಲ್ಲಿರುವ ಟೇಲ್‌ನ 0 (ಅಂದರೆ ಪಾಸ್). ಎಲ್ಲ ಪಾಸ್ ಅಂದುಕೊಂಡು ಏಜೆಂಟ್ ಮುಂದೆ ಹೋಗುತ್ತಿತ್ತು! "ಪೈಪ್ ಹಾಕಬೇಡ, ಔಟ್‌ಪುಟ್ ಫಾರ್ಮ್ಯಾಟ್ ಕನ್ಸೈಸ್ ಬಳಸು" ಎಂಬ ಆರನೇ ಸಾಲು ಹುಟ್ಟಿದ್ದು ಹಾಗೆ. ತಪ್ಪಿಗೆ ಒಂದೊಂದೇ ಸಾಲು ಬರುವುದರಿಂದ ಟೇಲ್ ಬೇಕಾಗುವುದೇ ಇಲ್ಲ.