ಭಾನುವಾರ ಮಳಿಗೆ ರಾತ್ರಿ ಹತ್ತರವರೆಗೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಏನೇನು ಕೇಳಬೇಕು?

ಬಿಲ್ಲಿಂಗ್ ಕೌಂಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಂದು ದೊಡ್ಡ ಬಟ್ಟೆ ಮಳಿಗೆಯಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಬಿಲ್ಲಿಂಗ್‌ನಲ್ಲಿದ್ದೆ, ಈಗ ಒಂದು ವಿಭಾಗದ ಹೊಣೆ ನನ್ನದು. ಇದುವರೆಗೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತಿದ್ದ ಮಳಿಗೆಯನ್ನು ಮುಂದಿನ ತಿಂಗಳಿನಿಂದ ರಾತ್ರಿ ಹತ್ತರವರೆಗೆ ತೆರೆದಿಡುವುದಾಗಿ ಆಡಳಿತದವರು ತಿಳಿಸಿದ್ದಾರೆ. ಭಾನುವಾರದ ಕೆಲಸ ಸಂಪೂರ್ಣವಾಗಿ ಸಿಬ್ಬಂದಿಯ ಇಚ್ಛೆಗೆ ಬಿಟ್ಟದ್ದು ಎಂದು ಹೇಳುತ್ತಲೇ, ಎಲ್ಲರ ಕೈಗೂ ಒಂದೊಂದು ಒಪ್ಪಿಗೆ ಪತ್ರ ಕೊಟ್ಟು ಶುಕ್ರವಾರದೊಳಗೆ ಸಹಿ ಮಾಡಿ ಹಿಂದಿರುಗಿಸಬೇಕೆಂದಿದ್ದಾರೆ. ಸಹಿ ಮಾಡದಿದ್ದರೆ ಏನಾಗುತ್ತದೆ ಎಂಬುದು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಐದಕ್ಕೆ ಮುಚ್ಚುವುದೆಂದರೆ ನಾವು ಐದಕ್ಕೆ ಮನೆಗೆ ಹೊರಡುತ್ತೇವೆ ಎಂದು ಗ್ರಾಹಕರು ಭಾವಿಸಿರಬಹುದು. ಷಟರ್ ಅರ್ಧ ಇಳಿಸಿದ ಮೇಲೂ ಬಗ್ಗಿ ಒಳಬಂದು "ಒಂದೇ ನಿಮಿಷ" ಎನ್ನುವವರು ಪ್ರತಿ ವಾರವೂ ಇರುತ್ತಾರೆ. ಅವರು ಹೋದ ನಂತರ ಟ್ರಯಲ್ ರೂಮಿನಲ್ಲಿ ರಾಶಿ ಬಿದ್ದಿರುವ ಬಟ್ಟೆಗಳ ಗುಂಡಿ ಹಾಕಿ, ಮಡಚಿ, ಅಳತೆಯ ಪ್ರಕಾರ ರ್‍ಯಾಕಿಗೆ ಮರಳಿಸಬೇಕು. ಗಲ್ಲಾ ಎಣಿಸುವಾಗ ಹತ್ತು ಇಪ್ಪತ್ತರ ವ್ಯತ್ಯಾಸ ಬಂದರೂ ಲೆಕ್ಕ ಹೊಂದುವವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಐದರ ಷಟರ್ ನಮ್ಮ ಪಾಲಿಗೆ ಆರೂವರೆಯಾದರೆ, ಹತ್ತರದು ಹನ್ನೊಂದೂವರೆಯಾಗುತ್ತದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸ್ಟಾಕ್ ಇಳಿಸಿಕೊಳ್ಳುವವರೂ ಬಹುಪಾಲು ನಾವೇ.

ಮಕ್ಕಳಿಗೆ ಶಾಲೆ ಇಲ್ಲದ, ಮನೆಯವರಿಗೂ ರಜೆ ಇರುವ ದಿನ ಅದೊಂದೇ. ಹಾಗೆಂದು ನಾನು ಒಂದೇ ಸಮನೆ ವಿರೋಧಿಸುತ್ತಲೂ ಇಲ್ಲ, ಏಕೆಂದರೆ ಹೆಚ್ಚುವರಿ ಗಂಟೆಗಳ ಹಣ ಬೇಕೆನ್ನುವ ಸಹೋದ್ಯೋಗಿಗಳು ನಮ್ಮಲ್ಲಿದ್ದಾರೆ. ಈ ಕ್ಷೇತ್ರವನ್ನು ಬಲ್ಲವರು, ಸಹಿ ಹಾಕುವ ಮೊದಲು ಯಾವ ಯಾವ ವಿಷಯಗಳನ್ನು ಲಿಖಿತವಾಗಿ ಕೇಳಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಡ್ಯೂಟಿ ಪಟ್ಟಿ

ಮೇಡಂ, ನಾನು ಹನ್ನೆರಡು ವರ್ಷ ಮಳಿಗೆಯೊಂದರ ವ್ಯವಸ್ಥಾಪಕನಾಗಿದ್ದೆ. ನಿಮ್ಮಂಥವರ ಡ್ಯೂಟಿ ಪಟ್ಟಿ ಬರೆದ ಕೈ ಇದು, ಆದ್ದರಿಂದ ಇದನ್ನು ಸ್ವಲ್ಪ ತಪ್ಪೊಪ್ಪಿಗೆಯಂತೆಯೂ ಓದಿಕೊಳ್ಳಿ.

ಆಡಳಿತದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಭಾನುವಾರದ್ದಲ್ಲ, ಇಡೀ ವಾರದ್ದು. ಸಂಬಳಕ್ಕೆಂದು ಇಟ್ಟಿರುವ ಒಟ್ಟು ಗಂಟೆಗಳು ಹೆಚ್ಚಾಗುತ್ತವೆಯೇ ಎಂದು ಕೇಳಿ. ಜನರ ಜೇಬಿನಲ್ಲಿರುವ ಹಣ ಮಳಿಗೆ ಐದು ಗಂಟೆ ಹೆಚ್ಚು ತೆರೆದಿದೆ ಎಂಬ ಕಾರಣಕ್ಕೆ ಹೆಚ್ಚುವುದಿಲ್ಲ. ಶನಿವಾರ ಸಂಜೆ ಅಥವಾ ಸೋಮವಾರ ಕೊಳ್ಳಬೇಕೆಂದಿದ್ದವರಲ್ಲಿ ಬಹಳ ಮಂದಿ ಭಾನುವಾರ ರಾತ್ರಿ ಬರುತ್ತಾರೆ, ಅಷ್ಟೇ. ಪಕ್ಕದ ಮಳಿಗೆ ಮುಚ್ಚಿದ್ದಾಗ ಮಾತ್ರ ನಮ್ಮಲ್ಲಿ ನಿಜವಾದ ಹೊಸ ವ್ಯಾಪಾರ ಕಾಣುತ್ತಿತ್ತು, ಅವರೂ ತೆರೆದಿಡಲು ಆರಂಭಿಸಿದ ಮೇಲೆ ಅದೂ ಕರಗಿತು. ಮಾರಾಟ ಅಷ್ಟೇ ಇದ್ದು ಗಂಟೆಗಳು ಮಾತ್ರ ಹಿಗ್ಗಿದಾಗ, ಮೇಲಿನವರು ಸಂಬಳದ ಮೊತ್ತವನ್ನು ಏರಿಸದೆ ಇರುವ ಜನರನ್ನೇ ತೆಳ್ಳಗೆ ಹರಡುತ್ತಾರೆ. ಮಂಗಳವಾರ ಮಧ್ಯಾಹ್ನ ನಾಲ್ವರು ಇರುತ್ತಿದ್ದ ಮಹಡಿಯಲ್ಲಿ ಇಬ್ಬರನ್ನು ಇಟ್ಟು, ಉಳಿಸಿದ ಗಂಟೆಗಳನ್ನು ಭಾನುವಾರಕ್ಕೆ ನಾನೇ ವರ್ಗಾಯಿಸಿದ್ದೇನೆ. ಭಾನುವಾರಕ್ಕೆ ಒಪ್ಪಿಗೆ ಕೊಡದವರಿಗೂ ಆ ಮಂಗಳವಾರದ ದುಡಿಮೆ ತಪ್ಪಲಿಲ್ಲ.

ಇನ್ನು ಸ್ವಇಚ್ಛೆಯ ಮಾತು. ನಾನು ಯಾರನ್ನೂ ಎಂದೂ ಬಲವಂತ ಮಾಡಲಿಲ್ಲ, ಮಾಡುವ ಅಗತ್ಯವೇ ಬೀಳಲಿಲ್ಲ. ಗೋಡೆಯ ಪಟ್ಟಿಯಲ್ಲಿ ಭಾನುವಾರದ ಮನೆಗಳನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಒಂದು ಪೆನ್ನನ್ನು ದಾರ ಕಟ್ಟಿ ತೂಗುಹಾಕುತ್ತಿದ್ದೆ. ಬುಧವಾರದ ಹೊತ್ತಿಗೆ ಹೆಸರುಗಳು ತುಂಬಿರುತ್ತಿದ್ದವು, ಏಕೆಂದರೆ ಹಬ್ಬದ ರಜೆಯ ಅರ್ಜಿಯೂ ಬಡ್ತಿಯ ಶಿಫಾರಸೂ ಅದೇ ಮೇಜಿನಿಂದ ಹೊರಡುತ್ತವೆ ಎಂಬುದು ಎಲ್ಲರಿಗೂ ತಿಳಿದಿತ್ತು. ಆದ್ದರಿಂದ "ಇಚ್ಛೆಯಿದ್ದವರಿಗೆ ಮಾತ್ರ" ಎಂಬ ಸಾಲನ್ನು ಓದಿ ಸಮಾಧಾನಪಡಬೇಡಿ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ದಾರಿ ಯಾವುದು, ಎಷ್ಟು ದಿನ ಮೊದಲು ತಿಳಿಸಬೇಕು, ಹಿಂಪಡೆದವರ ಉಳಿದ ದಿನಗಳ ಗಂಟೆಗಳಿಗೆ ಕತ್ತರಿ ಬೀಳುವುದಿಲ್ಲ ಎಂಬುದಕ್ಕೆ ಭರವಸೆ ಏನು, ಇವೆಲ್ಲ ಕಾಗದದಲ್ಲಿ ಬರಲಿ. ಷಟರ್ ಇಳಿದ ನಂತರದ ಒಂದೂವರೆ ಗಂಟೆಯನ್ನೂ ಬಿಡಬೇಡಿ. ಅದು ಸಂಬಳದ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ಆಡಳಿತದವರ ಮನಸ್ಸು ಅರ್ಥವಾಗುತ್ತದೆ.

ಕಾಯಿದೆ ಓದುವವ

ಹಿಂಪಡೆಯುವ ಹಕ್ಕಿನ ಬಗ್ಗೆ ಹಿರಿಯರು ಹೇಳಿರುವುದಕ್ಕೆ ಕಾನೂನಿನಲ್ಲಿ ಸ್ಪಷ್ಟವಾದ ಮಾದರಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994ರ ಭಾನುವಾರ ವ್ಯಾಪಾರ ಕಾಯಿದೆಯು 280 ಚದರ ಮೀಟರಿಗಿಂತ ದೊಡ್ಡ ಮಳಿಗೆಗಳಿಗೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ನಡುವೆ ಸತತವಾಗಿ ಆರು ಗಂಟೆ ಮಾತ್ರ ತೆರೆಯಲು ಅವಕಾಶ ನೀಡಿತು. ಜೊತೆಗೆ ಅಂಗಡಿ ನೌಕರರು ಮೂರು ತಿಂಗಳ ಲಿಖಿತ ಸೂಚನೆ ಕೊಟ್ಟು ಭಾನುವಾರದ ಕೆಲಸದಿಂದ ಹೊರಗುಳಿಯುವ ಹಕ್ಕೂ ಅಲ್ಲಿ ಬಂತು. ಭಾನುವಾರಕ್ಕೆಂದೇ ನೇಮಕವಾದವರಿಗೆ ಅದು ಅನ್ವಯಿಸುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ವೇಳೆ ಆರು ಗಂಟೆಯ ಮಿತಿಯನ್ನು ಕೆಲವು ವಾರ ಸಡಿಲಿಸಿದ್ದರು. ಸ್ಥಳೀಯ ಆಡಳಿತಗಳ ಮೂಲಕ ಅದನ್ನು ಕಾಯಂ ಆಗಿ ಸಡಿಲಿಸುವ ಪ್ರಸ್ತಾವವನ್ನು ಮಾತ್ರ ಸಂಸತ್ತಿನ ಕೆಳಮನೆ 2016ರ ಮಾರ್ಚ್‌ನಲ್ಲಿ 317–286 ಮತಗಳಿಂದ ತಳ್ಳಿಹಾಕಿತು.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಕಳವಳ ಹುಟ್ಟಿಸಿದ್ದು ಬೇರೆಯೇ. ಹನ್ನೊಂದೂವರೆಗೆ ಹೊರಟು ಮರುದಿನ ಎಂಟಕ್ಕೆ ಹಾಜರಾಗುವುದೆಂದರೆ ನಡುವೆ ಉಳಿಯುವುದು ಎಂಟೂವರೆ ಗಂಟೆ. ಹೋಗಿಬರುವ ದಾರಿಯನ್ನೂ ಊಟವನ್ನೂ ಕಳೆದರೆ ನಿದ್ರೆಗೆ ಎಷ್ಟು ಮಿಗುತ್ತದೆ? ಯುರೋಪಿಯನ್ ಒಕ್ಕೂಟದ ಕೆಲಸದ ಅವಧಿಯ ನಿರ್ದೇಶನದ ಪ್ರಕಾರ ಪ್ರತಿ 24 ಗಂಟೆಗಳಲ್ಲಿ ಸತತ 11 ಗಂಟೆಗಳ ಬಿಡುವು ಸಿಗಬೇಕು. ಆ ನಿರ್ದೇಶನ ನಿಮ್ಮ ದೇಶಕ್ಕೆ ಅನ್ವಯಿಸಲಿ ಬಿಡಲಿ, ಮಾತುಕತೆಯಲ್ಲಿ ಅಳತೆಗೋಲಾಗಿ ಮುಂದಿಡಲು ಅಡ್ಡಿಯಿಲ್ಲ.

ಅದೇ ನಿರ್ದೇಶನದ 1993ರ ಮೂಲ ಪಾಠದಲ್ಲಿ, ವಾರದ ಬಿಡುವಿನಲ್ಲಿ ತಾತ್ವಿಕವಾಗಿ ಭಾನುವಾರ ಸೇರಿರಬೇಕು ಎಂಬ ವಾಕ್ಯವಿತ್ತು. ಉಳಿದ ಆರು ದಿನಗಳಿಗಿಂತ ಭಾನುವಾರಕ್ಕೆ ನೌಕರರ ಆರೋಗ್ಯದೊಡನೆ ಹೆಚ್ಚಿನ ನಂಟು ಹೇಗೆ ಎಂಬುದನ್ನು ವಿವರಿಸಿಲ್ಲವೆಂದು ಯುರೋಪಿನ ನ್ಯಾಯಾಲಯ 1996ರಲ್ಲಿ ಆ ವಾಕ್ಯವನ್ನು ರದ್ದುಪಡಿಸಿತು. ಒಂದು ದೇಹಕ್ಕೆ ಯಾವ ದಿನ ವಿಶ್ರಾಂತಿ ಸಿಕ್ಕರೂ ಒಂದೇ ಎಂದರೆ ನ್ಯಾಯಾಲಯದ ಮಾತು ಸರಿ. ಆದರೆ ನೀವು ಬರೆದಿರುವ ನಷ್ಟ ದೇಹದ್ದಲ್ಲ; ಮನೆಯವರೆಲ್ಲ ಒಟ್ಟಿಗೆ ಬಿಡುವಾಗಿರುವ ದಿನದ್ದು. ಬುಧವಾರ ಸಿಕ್ಕ ರಜೆಯಲ್ಲಿ ನೀವು ಮನೆಯಲ್ಲಿರುತ್ತೀರಿ, ಮನೆ ಖಾಲಿಯಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1957ರ 106ನೇ ಒಡಂಬಡಿಕೆ ಇದನ್ನು ಗ್ರಹಿಸಿದೆ. ವ್ಯಾಪಾರ ಮತ್ತು ಕಚೇರಿಗಳ ನೌಕರರಿಗೆ ಏಳು ದಿನಗಳಲ್ಲಿ ಕನಿಷ್ಠ 24 ಗಂಟೆಗಳ ಅಖಂಡ ವಿಶ್ರಾಂತಿ ಇರಬೇಕು, ಅದು ಸಾಧ್ಯವಾದಾಗಲೆಲ್ಲ ಎಲ್ಲರಿಗೂ ಒಂದೇ ಹೊತ್ತಿಗೆ, ಆ ಪ್ರದೇಶದಲ್ಲಿ ರೂಢಿಯಿಂದ ಬಂದ ವಿಶ್ರಾಂತಿಯ ದಿನದಂದೇ ಸಿಗಬೇಕು ಎಂದು ಅದು ಹೇಳುತ್ತದೆ. ಜರ್ಮನಿಯ ಸಂವಿಧಾನ ನ್ಯಾಯಾಲಯವೂ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬರ್ಲಿನ್ ಕೊಟ್ಟಿದ್ದ ಅನುಮತಿಯನ್ನು 2009ರಲ್ಲಿ ಸಂವಿಧಾನಬಾಹಿರವೆಂದಿತು.

ಭಾನುವಾರದ ಹುಡುಗ

ಕ್ಷಮಿಸಿ, ಇಲ್ಲಿ ಎಲ್ಲರೂ ಒಂದೇ ಬದಿಯಲ್ಲಿ ನಿಂತು ಮಾತನಾಡುತ್ತಿರುವಂತೆ ನನಗೆ ತೋರುತ್ತಿದೆ. ನಾನು ಕಾಲೇಜು ವಿದ್ಯಾರ್ಥಿ. ವಾರದ ದಿನಗಳಲ್ಲಿ ತರಗತಿಗಳಿರುವುದರಿಂದ ನನಗೆ ದುಡಿಯಲು ಸಾಧ್ಯವಿರುವುದು ವಾರಾಂತ್ಯದಲ್ಲಿ ಮಾತ್ರ. ಸಂಜೆ ಐದಕ್ಕೆ ಮುಚ್ಚುವ ಮಳಿಗೆ ನನಗೆ ಕೊಡುವುದು ಆರು ಗಂಟೆ, ರಾತ್ರಿ ಹತ್ತರವರೆಗೆ ತೆರೆದಿರುವುದು ಇಡೀ ತಿಂಗಳ ಬಸ್ ಪಾಸು ಮತ್ತು ಪುಸ್ತಕದ ಖರ್ಚನ್ನು ಕೊಡುತ್ತದೆ. ಆಸ್ಪತ್ರೆಯ ದಾದಿಯರೂ ಬಸ್ ಚಾಲಕರೂ ಭಾನುವಾರ ದುಡಿಯುವುದಿಲ್ಲವೇ? ಭಾನುವಾರದ ಬಾಗಿಲು ಪೂರ್ತಿ ಮುಚ್ಚಬೇಕೆಂದು ನೀವು ಹೋರಾಡಿದರೆ ಮೊದಲು ಬೀದಿಗೆ ಬೀಳುವವರು ನಮ್ಮಂಥವರು.

ನನ್ನ ಆಸಕ್ತಿ ದರದಲ್ಲಿ. ಭಾನುವಾರ ಎಲ್ಲರಿಗೂ ಮಾಮೂಲಿ ದಿನವಾಗುತ್ತಿದ್ದಂತೆ ಅದಕ್ಕೆ ಕೊಡುತ್ತಿದ್ದ ಹೆಚ್ಚಿನ ಕೂಲಿಯೂ ಮಾಮೂಲಿಯಾಗಿಬಿಡುತ್ತದೆ ಎಂಬ ಭಯ ನನಗಿದೆ. ಆಸ್ಟ್ರೇಲಿಯಾದಲ್ಲಿ ಆದದ್ದು ಅದೇ. ಅಲ್ಲಿನ ಚಿಲ್ಲರೆ ವ್ಯಾಪಾರದ ಕಾಯಂ ನೌಕರರಿಗೆ ಭಾನುವಾರ ಸಿಗುತ್ತಿದ್ದ ದುಪ್ಪಟ್ಟು ದರವನ್ನು ಒಂದೂವರೆ ಪಟ್ಟಿಗೆ ಇಳಿಸಲು ಫೇರ್ ವರ್ಕ್ ಆಯೋಗ 2017ರಲ್ಲಿ ತೀರ್ಮಾನಿಸಿತು. 2020ರ ಹೊತ್ತಿಗೆ ಹಂತಹಂತವಾಗಿ ಅದು ಜಾರಿಯೂ ಆಯಿತು. ಆದ್ದರಿಂದ ಮೇಡಂ, ದರವನ್ನೂ ಅದು ಎಷ್ಟು ವರ್ಷ ಇಳಿಯುವುದಿಲ್ಲ ಎಂಬುದನ್ನೂ ಬರೆಸಿಕೊಳ್ಳಿ.

ಹಳೆಯ ಡ್ಯೂಟಿ ಪಟ್ಟಿ

ಬಾಗಿಲು ಮುಚ್ಚಿಸಬೇಕೆಂದು ನಾನೂ ಹೇಳಿಲ್ಲ, ತಮ್ಮಾ. ರಾತ್ರಿ ಎರಡಕ್ಕೆ ಬರುವ ಜ್ವರಕ್ಕೆ ದಾದಿ ಬೇಕು, ರಾತ್ರಿ ಒಂಬತ್ತೂವರೆಯ ಅಂಗಿ ಬೆಳಿಗ್ಗೆಯವರೆಗೆ ಕಾಯಬಲ್ಲದು. ಆ ಹೋಲಿಕೆ ಅಷ್ಟಾಗಿ ಕೂಡುವುದಿಲ್ಲ. ಆದರೆ ನಿನ್ನಂಥವರು ಸಿಗುತ್ತಾರೆ ಎಂಬುದು ಮೇಡಂ ಅವರಿಗೆ ಅನುಕೂಲವೇ. ಬೇಕೆನ್ನುವವರನ್ನು ಭಾನುವಾರಕ್ಕೆಂದೇ ನೇಮಿಸಿಕೊಂಡರೆ ಬೇಡವೆನ್ನುವವರ ಮೇಲಿನ ಒತ್ತಡ ಇಳಿಯುತ್ತದೆ. ತೊಡಕು ಒಂದೇ: ಗಲ್ಲಾದ ಕೀಲಿ ಇಟ್ಟುಕೊಳ್ಳುವ ಹಿರಿಯರೊಬ್ಬರು ಆ ರಾತ್ರಿ ಇರಲೇಬೇಕು, ಆ ಸರದಿ ಸುತ್ತಿ ಸುತ್ತಿ ಮೇಡಂ ಅವರಂಥ ವಿಭಾಗದ ಹೊಣೆಗಾರರ ಹೆಗಲಿಗೇ ಬೀಳುತ್ತದೆ.

ಕಾಯಿದೆ ಓದುವವ

ಬಾಗಿಲು ಮುಚ್ಚಿಸುವ ದಾರಿಯೂ ಸಲೀಸಲ್ಲ. ಪೋಲೆಂಡ್ 2018ರ ಮಾರ್ಚ್‌ನಿಂದ ಭಾನುವಾರದ ವ್ಯಾಪಾರವನ್ನು ಹಂತಹಂತವಾಗಿ ನಿರ್ಬಂಧಿಸಿತು. ಮಾಲೀಕರೇ ಕೌಂಟರಿನಲ್ಲಿ ನಿಲ್ಲುವ ಅಂಗಡಿಗಳಿಗೂ ಅಂಚೆ ಸೇವೆ ಕೊಡುವ ಸ್ಥಳಗಳಿಗೂ ವಿನಾಯಿತಿ ಇದ್ದದ್ದರಿಂದ, ದೊಡ್ಡ ದೊಡ್ಡ ಮಳಿಗೆಗಳು ಪಾರ್ಸೆಲ್ ಪಡೆದುಕೊಳ್ಳುವ ಒಂದು ಮೂಲೆಯಿಟ್ಟು ತಮ್ಮನ್ನು ಅಂಚೆ ಕೇಂದ್ರವೆಂದು ಕರೆದುಕೊಂಡವು. 2022ರ ತಿದ್ದುಪಡಿ ಆ ಕಿಂಡಿಯನ್ನು ಬಹುಮಟ್ಟಿಗೆ ಮುಚ್ಚಿತು. ಹಂಗೆರಿ 2015ರಲ್ಲಿ ತಂದ ನಿಷೇಧವನ್ನು ಮರುವರ್ಷವೇ ಕೈಬಿಟ್ಟಿತು.

ಬಿಲ್ಲಿಂಗ್ ಕೌಂಟರ್

ಎಲ್ಲರಿಗೂ ಧನ್ಯವಾದ. ಕೀಲಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಪತ್ರವನ್ನು ಮತ್ತೆ ಓದಿದಾಗ ಕೀಲಿ ಇರುವವರು ನಮ್ಮ ಮಹಡಿಯಲ್ಲಿ ಮೂವರೇ ಎಂಬುದು ಲೆಕ್ಕಕ್ಕೆ ಬಂತು, ಅಂದರೆ ಯಾರು ಏನೇ ಇಚ್ಛೆಪಟ್ಟರೂ ಮೂರು ವಾರಕ್ಕೊಂದು ಭಾನುವಾರ ನನ್ನದಾಗುತ್ತದೆ. ಉಳಿದ ಇಬ್ಬರೊಡನೆ ಮಾತನಾಡಿದ್ದೇನೆ. ನಾವು ಮೂವರೂ ಸೇರಿ ಒಂದೇ ಅರ್ಜಿ ಬರೆದು, ಮುಚ್ಚಿದ ನಂತರದ ಸಮಯಕ್ಕೆ ಸಂಬಳ, ಕೀಲಿ ಹಿಡಿದವರಿಗೆ ಸೋಮವಾರ ಮಧ್ಯಾಹ್ನದ ಶಿಫ್ಟ್, ಒಪ್ಪಿಗೆಯನ್ನು ಹಿಂಪಡೆಯಲು ಒಂದು ತಿಂಗಳ ಸೂಚನೆ ಎಂದು ಕೇಳಿದ್ದೇವೆ. ಭಾನುವಾರಕ್ಕೆಂದೇ ನೇಮಿಸುವ ಹುಡುಗರಲ್ಲಿ ಇಬ್ಬರಿಗೆ ಗಲ್ಲಾದ ತರಬೇತಿ ಕೊಡಲು ನಾವೇ ಸಿದ್ಧರಿದ್ದೇವೆ ಎಂದೂ ಸೇರಿಸಿದ್ದೇವೆ. ಉತ್ತರ ಬರುವವರೆಗೆ ಸಹಿಯ ಜಾಗವನ್ನು ಮೂವರೂ ಖಾಲಿ ಬಿಟ್ಟಿದ್ದೇವೆ. ಶುಕ್ರವಾರಕ್ಕೆ ಇನ್ನೆರಡು ದಿನ ಇದೆ.